ಗೆರೆ ಎಳೆದ ಸಾಲು

ನನಗಿಂತ ಚೆನ್ನಾಗಿ ಹಡಗಿಗೆ ದಾರಿ ತೋರಿಸುವ ಅಧಿಕಾರಿ ಏಳು ಸಮುದ್ರಗಳಲ್ಲೂ ಹುಟ್ಟಿಲ್ಲ. ನಕ್ಷೆ ಬಿಚ್ಚದೆ, ಬರೀ ಮೂಗಿನಲ್ಲಿ ಗಾಳಿ ಎಳೆದುಕೊಂಡು, ಬಂದರು ಎಷ್ಟು ಮೈಲಿ ದೂರವಿದೆಯೆಂದು ಹೇಳುತ್ತಿದ್ದೆ. ಆ ಯುದ್ಧದಲ್ಲಿ ಶತ್ರುಗಳ ಅರ್ಧ ನೌಕಾಪಡೆ ನನ್ನ ಹೆಸರು ಕೇಳಿಯೇ ಲಂಗರು ಎತ್ತಲಿಲ್ಲ. ಹಡಗಿನವರು ನನ್ನನ್ನು ‘ಹತ್ತಕ್ಕೊಂದು’ ಎಂದು ಕರೆಯುತ್ತಿದ್ದರು. ನಾನು ಹತ್ತು ಎಂದರೆ ಒಂದು ಎಂದು ತಿಳಿಯಬೇಕಂತೆ. ಹೊಟ್ಟೆಕಿಚ್ಚಿನ ಮುಂಡೇವು.

ನಮ್ಮ ಕ್ಯಾಪ್ಟನ್‌ಗೆ ಪದಕದ ಹುಚ್ಚು. ಹನ್ನೊಂದನೇ ತಾರೀಕು ಬೆಳಿಗ್ಗೆ ಶತ್ರುವಿನ ಒಂದು ಪುಟ್ಟ ದೋಣಿ ಕಂಡಿತು. ನಮ್ಮನ್ನು ನೋಡಿ ಓಟ ಕಿತ್ತಿತ್ತು, ಬಿಟ್ಟುಬಿಡಬಹುದಿತ್ತು. ಇವನು ಬೆನ್ನು ಹತ್ತಿದ. ಕೆಳಗೆ ಎಂಜಿನ್ ಕೋಣೆಯಲ್ಲಿ ನನ್ನ ಬಾವ, ಅಕ್ಕನ ಗಂಡ, ಮುಖ್ಯ ಎಂಜಿನಿಯರ್. ಮಾತಾಡುವ ಕೊಳವೆಯಲ್ಲಿ ಅವನ ದನಿ ಬಂತು.

“ಸಾರ್, ಬೇರಿಂಗ್ ಕೆಂಪಗೆ ಕಾದಿದೆ. ಹತ್ತು ನಿಮಿಷ ವೇಗ ಇಳಿಸಿ.”

“ಸೆಖೆ ಆದ್ರೆ ಬೀಸಣಿಗೆ ಬೀಸ್ಕೊಳ್ರೀ,” ಎಂದು ಕ್ಯಾಪ್ಟನ್ ನಕ್ಕ.

ಆರು ನಿಮಿಷ ಬಿಟ್ಟು ಬಾವ ಮತ್ತೆ ಕೇಳಿದ. ಮೂರನೆಯ ಸಲ ಕೇಳಿದಾಗ ಕ್ಯಾಪ್ಟನ್ ತನ್ನ ಟೋಪಿ ತೆಗೆದು ಕೊಳವೆಯ ಬಾಯಿಗೆ ತುರುಕಿದ. ಟೋಪಿ! ಅದಾಗಿ ಮೂರೇ ನಿಮಿಷಕ್ಕೆ ಬೇರಿಂಗ್ ಸಿಡಿದು ಎಣ್ಣೆಗೆ ಬೆಂಕಿ ಹತ್ತಿತು. ನಾಲ್ವರು ಸುಟ್ಟುಹೋದರು. ಐದನೆಯವನನ್ನು ಎಳೆದು ತಂದ ಬಾವನ ಎರಡೂ ಕೈ ಮೊಣಕೈವರೆಗೆ ಬೆಂದವು. ಶತ್ರುವಿನ ದೋಣಿ ಒಂದು ಗುಂಡನ್ನೂ ಖರ್ಚು ಮಾಡದೆ ಹೊರಟುಹೋಯಿತು.

ಯಾವ ಹೊತ್ತಿಗೆ ಏನಾಯಿತೆಂದು ಲಾಗ್ ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ. ಬರೆದೆ: ‘೯.೪೦, ೯.೪೬, ೯.೫೧: ವೇಗ ಇಳಿಸಲು ಎಂಜಿನಿಯರ್ ಕೋರಿಕೆ. ಕ್ಯಾಪ್ಟನ್ ನಿರಾಕರಣೆ.’

ನಮ್ಮನ್ನು ಬಂದರಿಗೆ ಎಳೆದು ತಂದ ದಿನ ಕ್ಯಾಪ್ಟನ್ ನನ್ನನ್ನು ಕರೆಸಿದ.

“ನಿಮ್ಮ ಬಾವ ಎಣ್ಣೆ ನೋಡ್ಕೊಳ್ಳಲಿಲ್ಲ, ಅಷ್ಟೇ ಆಗಿದ್ದು. ಆ ಸಾಲು ಹೊಡೆದುಹಾಕು.”

“ಬಾವನ ಗತಿ?”

“ಏಳು ವರ್ಷ ಒಳಗಿದ್ದು ಬರ್ತಾನೆ. ನಿನಗೂ ಜೊತೆಗೆ ಹೋಗ್ಬೇಕಾ?”

ಮೈಯೆಲ್ಲ ಉರಿಯಿತು. ಆದರೂ ಗೆರೆ ಎಳೆದೆ. ನಮ್ಮಲ್ಲಿ ಲಾಗ್ ತಿದ್ದುವುದಕ್ಕೆ ಒಂದು ಕ್ರಮವಿದೆ: ಒಂದೇ ಗೆರೆ, ಅಡಿಯ ಅಕ್ಷರ ಓದಲು ಬರಬೇಕು, ಪಕ್ಕದಲ್ಲಿ ತಿದ್ದಿದ ತಾರೀಕು, ಇಬ್ಬರ ರುಜು. ಎಲ್ಲವನ್ನೂ ಚಾಚೂ ತಪ್ಪದೆ ಮಾಡಿದೆ. ಕ್ಯಾಪ್ಟನ್ ನೋಡದೆಯೇ ಗೀಚಿದ. ಓದಲು ಬಂದರೇನಂತೆ, ‘ಹತ್ತಕ್ಕೊಂದು’ ಬರೆದದ್ದನ್ನು ಯಾರು ನಂಬುತ್ತಾರೆ ಎಂಬ ಧೈರ್ಯ.

ಆಸ್ಪತ್ರೆಯಲ್ಲಿ ಬಾವನ ಕೈಗಳು ಬಟ್ಟೆ ಸುತ್ತಿ ದಿಂಬಿನಂತಾಗಿದ್ದವು. ಅಕ್ಕ ಚಮಚದಲ್ಲಿ ನೀರು ಕುಡಿಸುತ್ತಿದ್ದಳು.

“ಆರೋಪಿ ಮಾತು ಯಾರೂ ಕೇಳಲ್ಲ ಕಣೋ. ಮೇಲಿದ್ದು ಕೇಳಿಸಿಕೊಂಡೋನು ನೀನೊಬ್ಬನೇ. ಒಂದೇ ಒಂದು ದಿನ ಬುರುಡೆ ಬಿಡಬೇಡ, ನಿನ್ನ ಕಾಲಿಗೆ ಬೀಳ್ತೀನಿ.”

“ಇವನು ನಿಜ ಹೇಳಿದ್ರೆ ಸಮುದ್ರ ಬತ್ತೋಗುತ್ತೆ, ಬಿಡೇ,” ಎಂದ ಬಾವ. ನಗಲು ಹೋಗಿ ನೋವಿಗೆ ಹಲ್ಲು ಕಚ್ಚಿದ.

ವಿಚಾರಣೆಗೆ ಮೂವರು ಹಿರಿಯ ಅಧಿಕಾರಿಗಳು ಕೂತಿದ್ದರು. ಕ್ಯಾಪ್ಟನ್ ಎದ್ದುನಿಂತ. “ಈತ ತಪ್ಪು ಬರೆದಿದ್ದ, ಹೊಡೆದುಹಾಕಿಸಿದೆ. ತಿಮಿಂಗಿಲದ ಬೆನ್ನ ಮೇಲೆ ಕೂತು ಚಹಾ ಕುಡಿದೆ ಅನ್ನೋ ಆಸಾಮಿ ಇವನು, ಸಾರ್.”

ಕೋಣೆಯೆಲ್ಲ ಗೊಳ್ಳೆಂದಿತು. ನನ್ನ ರಕ್ತದ ಕುದಿಯಲ್ಲಿ ಎರಡು ಬಾಯ್ಲರ್ ಓಡಿಸಬಹುದಿತ್ತು. ನಾಲಿಗೆಯ ತುದಿಯಲ್ಲಿ ಎಪ್ಪತ್ತು ಕತೆ ಸಿದ್ಧವಾಗಿದ್ದವು: ಕ್ಯಾಪ್ಟನ್ ಮೇಜಿನಡಿ ಅವಿತದ್ದು, ಅತ್ತದ್ದು, ಅಮ್ಮಾ ಎಂದದ್ದು. ಒಂದೊಂದನ್ನೂ ನುಂಗಿದೆ. ಮುಳ್ಳು ನುಂಗಿದಂತಿತ್ತು.

“ಗೆರೆ ಎಳೆದ ತಾರೀಕು ನೋಡಿ ಸಾರ್,” ಎಂದೆ ಅಷ್ಟೇ.

ನಡುವೆ ಕೂತಿದ್ದ ಹಿರಿಯ ಕನ್ನಡಕ ಏರಿಸಿದ. “ಹದಿನಾಲ್ಕು. ಏನ್ರೀ ಕ್ಯಾಪ್ಟನ್, ನಾಲ್ಕು ಜನ ಸತ್ತು ಮೂರು ದಿನ ಆದ್ಮೇಲೆ ತಪ್ಪು ಕಾಣಿಸ್ತಾ? ರುಜು ನಿಮ್ದೇ ತಾನೆ?”

ಹಿರಿಯ ನನ್ನತ್ತ ತಿರುಗಿದ. “ಎಂಜಿನಿಯರ್ ಎಷ್ಟು ಸಲ ಕೇಳಿದ್ರು?”

“ಮೂರು.”

“ಮೂರೇನಾ? ಮೂವತ್ತಲ್ವಾ?”

“ಮೂರೇ, ಸಾರ್.”

ಈ ಸಲ ಯಾರೂ ನಗಲಿಲ್ಲ.

ಬಾವ ಬಿಡುಗಡೆಯಾದ. ಕ್ಯಾಪ್ಟನ್ ಜೈಲಿಗೆ ಹೋದನೆ? ಎಲ್ಲಿಯ ಮಾತು! ಅನಾರೋಗ್ಯದ ನೆಪ ಹೇಳಿ ಕೇಂದ್ರ ಕಚೇರಿಗೆ ಹಾಕಿದರು. ಹಡಗಿನಷ್ಟು ದೊಡ್ಡ ಮೇಜು, ತಿರುಗುವ ಕುರ್ಚಿ. ತಿಂಗಳಾದ ಮೇಲೆ ಅಲ್ಲಿನ ಕಾರಿಡಾರಿನಲ್ಲಿ ಎದುರಾಗಿ ಕೈ ಚಾಚಿದ.

“ಆಗಿದ್ದಾಯ್ತು ಕಣಯ್ಯಾ, ಮರೆತುಬಿಡೋಣ.”

ನನ್ನ ಕೈ ಜೇಬಿನಿಂದ ಹೊರಬರಲಿಲ್ಲ. “ನಾಲ್ವರ ಮನೆಗೆ ಹೋಗಿ ಕೇಳ್ಕೊಂಡು ಬನ್ನಿ ಸಾರ್. ಅವರು ಮರೆತ್ವಿ ಅಂದ್ರೆ ನಾನೂ ಮರೀತೀನಿ.” ಸೆಲ್ಯೂಟ್ ಹೊಡೆಯದೆ ಅವನ ಪಕ್ಕದಲ್ಲೇ ಹಾದುಹೋದೆ.

ಆ ವಾರವೇ ನನ್ನನ್ನು ಹಡಗಿನಿಂದ ಇಳಿಸಿ ಹಗ್ಗದ ಗೋದಾಮಿಗೆ ಅಟ್ಟಿದರು. ಯುದ್ಧ ಮುಗಿಯುವವರೆಗೂ ಅಲ್ಲೇ ಕೊಳೆತೆ. ನಮ್ಮವರು ಯುದ್ಧ ಗೆದ್ದದ್ದು ನನ್ನ ಹಗ್ಗಗಳಿಂದಲೇ ಎಂದರೆ ಬಾವ ಬಿದ್ದು ಬಿದ್ದು ನಗುತ್ತಾನೆ. ನಗಲಿ. ಮನೆಯಲ್ಲಿ ಕೂತು ನಗುತ್ತಿದ್ದಾನಲ್ಲ.