ಆನೆಯಾದ ಬೈರಾಸು

ನಾನು ಒಂದು ಬೈರಾಸು. ಘಟ್ಟದ ಮೇಲಿನವರು ನನ್ನನ್ನು ಟವೆಲ್ಲು ಎಂದು ಕರೆದರೆ ನನಗೆ ಆಗಿಬರುವುದಿಲ್ಲ. ಟವೆಲ್ಲು ಎಂದರೆ ಮೈತುಂಬ ರೋಮ ಎದ್ದ, ಹೊಟ್ಟೆ ಬಿರಿಯುವಷ್ಟು ನೀರು ಕುಡಿದು ಎರಡು ದಿನವಾದರೂ ಒಣಗದ ಸೋಮಾರಿ ಜಾತಿ. ನಮ್ಮದು ತೆಳ್ಳಗಿನ ಹತ್ತಿಯ ಮೈ. ಹೆಗಲಿಗೆ ಹಾಕಿದರೆ ಭಾರವಿಲ್ಲ, ಹಿಂಡಿ ಹರವಿದರೆ ಒಂದು ಗಾಳಿಗೆ ಒಣಗಿ ಸಿದ್ಧ. ಟವೆಲ್ಲುಗಳ ಮೇಲೆ ನನಗಿರುವ ಸಿಟ್ಟಿಗೆ ಕಾರಣ ಉಂಟು. ಅದನ್ನು ಹೇಳುವುದಕ್ಕೆಂದೇ ಬಾಯಿ ತೆರೆದಿದ್ದೇನೆ.

ನಾನು ಹುಟ್ಟಿದ್ದು ಕಿನ್ನಿಗೋಳಿಯ ಕಡೆ, ಸಂಜೀವ ಶೆಟ್ಟಿಗಾರರ ಮನೆಯ ಜಗಲಿಯ ಮಗ್ಗದಲ್ಲಿ. ಕೆಂಪು ಮತ್ತು ಬಿಳಿ ಚೌಕುಳಿ, ಎರಡು ತುದಿಗೂ ಗಂಟು ಹಾಕಿದ ಕುಚ್ಚು. ನನ್ನ ಪಕ್ಕದ ಮಗ್ಗದಲ್ಲಿ ಅವರ ಹೆಂಡತಿ ಒಂದು ಸೀರೆ ನೇಯುತ್ತಿದ್ದರು. ನೋಡಲು ಬಂದವರೆಲ್ಲ ಆ ಸೀರೆಯ ಸೆರಗನ್ನೇ ಮುಟ್ಟಿ ಮುಟ್ಟಿ ಹೊಗಳುತ್ತಿದ್ದರು. ನನ್ನ ಕಡೆ ತಿರುಗಿದ ಒಬ್ಬಾತ ತನ್ನ ಬೆವರು ಒರೆಸಿಕೊಳ್ಳಲು ಕೈ ಚಾಚಿದ್ದ. ಹುಟ್ಟಿದ ವಾರದಲ್ಲೇ ಹೊಟ್ಟೆಕಿಚ್ಚು ನನಗೆ ಅಂಟಿಕೊಂಡಿತು, ಇವತ್ತಿನವರೆಗೂ ಬಿಟ್ಟಿಲ್ಲ.

ನನ್ನನ್ನು ಕೊಂಡವರು ಸುರತ್ಕಲ್ಲಿನ ಕಮಲಕ್ಕ. ಅವರ ಮಗಳು ವಿನುತಾ ಬಸುರಿ. "ಹುಟ್ಟುವ ಮಗುವಿನ ಮೈಗೆ ಇಂಥದ್ದೇ ಆಗ್ಬೇಕು. ಆ ಪೇಟೆಯ ಒರಟು ಟವೆಲ್ ಎಲ್ಲ ಚುಚ್ತದೆ" ಎಂದು ಅವರು ಅಂಗಡಿಯವನ ಎದುರು ಹೇಳಿದಾಗ ನನಗೆ ಒಂದು ಅಂಗುಲ ಉದ್ದ ಬೆಳೆದಂತಾಯಿತು. ಮನೆಗೆ ತಂದು ನೀರಿನಲ್ಲಿ ನೆನೆಹಾಕಿ, ಹಿಂಡಿ, ಒಣಗಿಸಿ, ಮತ್ತೆ ನೆನೆಹಾಕಿ, ನನ್ನ ಗಂಜಿಯ ಸೊಕ್ಕನ್ನೆಲ್ಲ ಇಳಿಸಿದರು. ಮಗು ಹುಟ್ಟುವ ಹೊತ್ತಿಗೆ ನಾನು ಎಳೆ ಬಾಳೆಲೆಯಷ್ಟು ಮೆತ್ತಗಾಗಿದ್ದೆ.

ಮಗುವಿಗೆ ಪ್ರಾಪ್ತಿ ಎಂದು ಹೆಸರಿಟ್ಟರು. ಎಣ್ಣೆನೀರಿನ ಸ್ನಾನ ಮುಗಿಸಿ ಅವಳನ್ನು ಮೊದಲು ಕೊಡುತ್ತಿದ್ದದ್ದು ನನ್ನ ಕೈಗೆ. ತೊಟ್ಟಿಲಿಗೆ ಬಂದ ಉಡುಗೊರೆಗಳಿಗೆ ಲೆಕ್ಕವಿರಲಿಲ್ಲ. ಉಣ್ಣೆಯ ಟೊಪ್ಪಿ, ಕರಡಿ ಗೊಂಬೆ, ಮೊಲದ ಚಿತ್ರದ ಹೊದಿಕೆ, ಒಂದಕ್ಕಿಂತ ಒಂದು ಬಣ್ಣ. ಒಂದೊಂದನ್ನು ಬಿಚ್ಚುವಾಗಲೂ ನನ್ನ ಜೀವ ಬಾಯಿಗೆ ಬರುತ್ತಿತ್ತು. ಆದರೆ ಆ ಪುಟ್ಟ ಕೈ ಎಲ್ಲವನ್ನೂ ಆಚೆ ತಳ್ಳಿ ನನ್ನ ಕುಚ್ಚನ್ನು ಹಿಡಿಯಿತು. ಹಿಡಿದದ್ದು ಬಿಡಲೇ ಇಲ್ಲ. ಕರಡಿಯ ಮುಖ ನೋಡಬೇಕಿತ್ತು ಆಗ!

ನಾಲ್ಕು ವರ್ಷ ನಾನು ಆ ಮನೆಯಲ್ಲಿ ಮೆರೆದೆ. ನಾನಿಲ್ಲದೆ ಪ್ರಾಪ್ತಿಗೆ ನಿದ್ದೆಯಿಲ್ಲ. ಮೂಗಿಗೆ ಒತ್ತಿಕೊಂಡು, ಒಂದು ಉಸಿರು ಎಳೆದು, ಕುಚ್ಚನ್ನು ಬೆರಳಲ್ಲಿ ತಿರುವುತ್ತ ಕಣ್ಣು ಮುಚ್ಚುವಳು. ಹಾಲು, ತೆಂಗಿನೆಣ್ಣೆ, ಜೊಲ್ಲು, ಬೆವರು, ಎಲ್ಲ ಸೇರಿ ನನ್ನಲ್ಲೊಂದು ವಾಸನೆ ಮನೆಮಾಡಿತ್ತು. ಬೇರೆಯವರು ಮೂಗು ಮುರಿಯುತ್ತಿದ್ದರು, ಅವಳಿಗೆ ಮಾತ್ರ ಅದೇ ಬೇಕು. ಒಗೆಯುವುದಾದರೆ ಬರೀ ನೀರಿನಲ್ಲಿ ಅದ್ದಿ ತೆಗೆಯಬೇಕು. ಸಾಬೂನು ತಾಗಿಸಿದರೆ ಕೇರಿಗೆಲ್ಲ ಕೇಳುವಂತೆ ಅಳುವಳು. ನಾನು ತಂತಿಯ ಮೇಲೆ ಒಣಗುವಷ್ಟು ಹೊತ್ತೂ ಕೆಳಗೆ ಕಾವಲು ಕೂರುವಳು.

ಆ ವರ್ಷ ಅಪ್ಪ ಗಣರಾಜ, ತನ್ನ ಎಲೆಕ್ಟ್ರಿಕ್ ಸಾಮಾನಿನ ಅಂಗಡಿಗೆ ರಜೆ ಹಾಕಿ, ಹೆಂಡತಿ ಮಗಳನ್ನು ಹಡಗಿನ ಪ್ರವಾಸಕ್ಕೆ ಕರೆದುಕೊಂಡು ಹೋಗುವುದೆಂದು ನಿಶ್ಚಯಿಸಿದ. ಮುಂಬಯಿಯಲ್ಲಿ ಹತ್ತಿ, ಸಮುದ್ರದ ಮೇಲೆ ನಾಲ್ಕೈದು ದಿನ ತಿರುಗಿ ಬರುವುದು. ಚೀಲ ತುಂಬಿಸುವಾಗ ವಿನುತಾ ನನ್ನನ್ನು ಎತ್ತಿ ಬದಿಗಿಟ್ಟಳು.

"ಇದು ಬೇಡ. ಜೂನಿಗೆ ಶಾಲೆಗೆ ಸೇರ್ಬೇಕು ಇವ್ಳು. ಅಲ್ಲಿಗೂ ಬೈರಾಸು ಎಳ್ಕೊಂಡು ಹೋಗುದಾ? ಹಡಗಲ್ಲಿ ನೋಡ್ಲಿಕ್ಕೆ ಬೇಕಾದಷ್ಟು ಉಂಟಲ್ಲ, ಮರೆತುಬಿಡ್ತಾಳೆ."

"ಪಾಪ ಮಾರಾಯ್ತಿ, ಇರ್ಲಿ. ಅಲ್ಲಿ ಹೋಗಿ ಮಲಗದಿದ್ರೆ ಎಂತ ಮಾಡುದು?" ಎಂದ ಗಣರಾಜ. ಅವನ ಹೊಟ್ಟೆ ತಣ್ಣಗಿರಲಿ.

ಅಂತೂ ಹೊರಟೆ, ಪ್ರಾಪ್ತಿಯ ಕಂಕುಳಲ್ಲಿ. ಆದರೆ ವಿನುತಾಳ ಮಾತು ನನ್ನ ಎಳೆಎಳೆಯಲ್ಲೂ ಕೂತಿತ್ತು. ಈ ಪ್ರವಾಸದಲ್ಲಿ ಒಂದೋ ನಾನು ಉಳಿಯುತ್ತೇನೆ, ಇಲ್ಲವೋ ಮಗು ನನ್ನನ್ನು ಮರೆಯುತ್ತದೆ.

ಹಡಗೆಂದರೆ ನಮ್ಮ ಮೀನಿನ ಬೋಟು ದೊಡ್ಡದಾದರೆ ಹೇಗೋ ಹಾಗೆ ಎಂದು ಎಣಿಸಿದ್ದೆ. ನೋಡಿದರೆ ಅದೊಂದು ಪೇಟೆ. ಒಳಗೆ ಲಿಫ್ಟು, ಅಂಗಡಿ, ದೊಡ್ಡ ದೊಡ್ಡ ಭೋಜನಶಾಲೆಗಳು, ಮೇಲಿನ ಮಹಡಿಯಲ್ಲಿ ಈಜುಕೊಳ. ಸುತ್ತ ಅಷ್ಟೊಂದು ನೀರಿರುವಾಗ ನಡುವೆ ಮತ್ತೊಂದು ಕೊಳ ಯಾಕೆಂದು ನನಗೆ ಅರ್ಥವಾಗಲಿಲ್ಲ. ಪ್ರಾಪ್ತಿ ಬಾಯಿ ಬಿಟ್ಟುಕೊಂಡು ನೋಡಿದಳು, ನಾನು ಅವಳ ಕೈಯಿಂದ ನೇತಾಡುತ್ತ ನೆಲ ಗುಡಿಸಿದೆ. ಅಷ್ಟರ ಮಟ್ಟಿಗೆ ಎಲ್ಲ ಚೆನ್ನಾಗಿಯೇ ಇತ್ತು.

ಸಂಜೆ ಊಟ ಮುಗಿಸಿ ಕೋಣೆಗೆ ಬಂದರೆ ಮಂಚದ ಮೇಲೆ ಒಂದು ಆನೆ ನಿಂತಿತ್ತು.

ಬಿಳಿ ಆನೆ. ನಾಲ್ಕು ದಪ್ಪ ಕಾಲು, ಮಡಿಸಿದ ಕಿವಿ, ಮೇಲೆತ್ತಿದ ಸೊಂಡಿಲು. ನನಗೆ ಒಂದೇ ನೋಟಕ್ಕೆ ಗೊತ್ತಾಯಿತು: ಟವೆಲ್ಲು! ಸ್ನಾನದ ಕೋಣೆಯ ಎರಡು ಟವೆಲ್ಲುಗಳನ್ನು ಸುರುಳಿ ಸುತ್ತಿ, ಮಡಿಸಿ ಹಾಗೆ ನಿಲ್ಲಿಸಿದ್ದರು. ಪ್ರಾಪ್ತಿ ಕಿರುಚಿದಳು. ಖುಷಿಯಲ್ಲಿ ಎರಡೂ ಕೈ ಮೇಲೆತ್ತಿದಳು. ಎರಡೂ ಕೈ ಮೇಲೆತ್ತಿದರೆ ನಾನೆಲ್ಲಿ? ನೆಲದ ಮೇಲೆ.

ಈ ಕೆಲಸ ಕೋಣೆಗಳನ್ನು ಚೊಕ್ಕಮಾಡುವ ಪಾಸ್ಕಲನದ್ದು. ಹೊನ್ನಾವರದ ಹುಡುಗ, ಕನ್ನಡ ಕೇಳಿ ಅವನ ಮುಖ ಅರಳಿತ್ತು. ಮಕ್ಕಳಿರುವ ಕೋಣೆಗಳಲ್ಲಿ ದಿನಾ ಸಂಜೆ ಒಂದೊಂದು ಪ್ರಾಣಿ ಮಾಡಿಡುವುದು ಅಲ್ಲಿನ ಪದ್ಧತಿಯಂತೆ. ಮರುದಿನ ಮಂಗ ಬಂತು, ಬಟ್ಟೆ ತೂಗುಹಾಕುವ ಕೊಕ್ಕೆಯಿಂದ ಜೋತುಕೊಂಡು. ಆಮೇಲೆ ಹಂಸ. ಪ್ರಾಪ್ತಿ ಅವಕ್ಕೆಲ್ಲ ಹೆಸರಿಟ್ಟಳು, ಬಿಸ್ಕೆಟು ತಿನ್ನಿಸಿದಳು. ಆನೆಯ ಪಕ್ಕ ಮಲಗಿ ಅದರ ಸೊಂಡಿಲನ್ನು ಸವರಿದಳು. ನಾನು ಅವಳ ಕಂಕುಳಲ್ಲೇ ಇದ್ದೆ, ನಿಜ. ಆದರೆ ಅವಳ ಮುಖ ಆನೆಯತ್ತ ತಿರುಗಿತ್ತು. ನನ್ನ ಹೊಟ್ಟೆಯಲ್ಲಿ ಎದ್ದ ಉರಿಯನ್ನು ಹೇಗೆ ಹೇಳಲಿ? ಆ ಹಡಗನ್ನು ಎಣ್ಣೆಯಿಲ್ಲದೆ ಓಡಿಸಬಹುದಿತ್ತು.

ಒಂದು ಸಲ ಬಾಗಿಲಲ್ಲಿ ಸಿಕ್ಕಿದ ಪಾಸ್ಕಲನ ಕೈಗೆ ಅವಳು ನನ್ನನ್ನೇ ಕೊಟ್ಟಳು. "ಅಂಕಲ್, ಇದನ್ನೂ ಆನೆ ಮಾಡಿ!"

ಪಾಸ್ಕಲ್ ನನ್ನನ್ನು ಮಂಚದ ಮೇಲೆ ಹರಡಿ, ಎರಡು ಬದಿಯಿಂದ ಸುರುಳಿ ಸುತ್ತಿ, ಮಡಿಸಿ ನಿಲ್ಲಿಸಿದ. ನಾನು ಉಸಿರು ಬಿಗಿಹಿಡಿದೆ. ಕಾಲು ಮಡಚಿತು. ಸೊಂಡಿಲು ಒಣಗಿದ ಹೀರೆಕಾಯಿಯ ಹಾಗೆ ಕೆಳಗೆ ಬಿತ್ತು. ಮತ್ತೆ ಎತ್ತಿದ, ಮತ್ತೆ ಬಿತ್ತು. ಎಲ್ಲರೂ ನಕ್ಕರು.

"ಇದು ಬಹಳ ತೆಳು ಅದೆ ಪಾಪು, ನಿಲ್ಲೂದಿಲ್ಲ" ಎಂದ ಪಾಸ್ಕಲ್.

ಪ್ರಾಪ್ತಿ ನನ್ನನ್ನು ಎತ್ತಿಕೊಂಡು ತಲೆ ಸವರಿದಳು. "ಪಾಪ, ಇದಕ್ಕೆ ಬರುದಿಲ್ಲ."

ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಪಾಪ ಎಂಬ ಮಾತು ನನ್ನನ್ನು ಹಿಂಡಿ ಹಾಕಿತು. ಅವತ್ತಿನಿಂದ ನನ್ನದು ಒಂದೇ ಜಪ: ಹೇಗಾದರೂ ಸರಿ, ಒಂದು ಸಲ ಆನೆಯಾಗಿ ಅವಳೆದುರು ನಿಲ್ಲಬೇಕು.

ಈ ನಡುವೆ ಕೋಣೆಯಲ್ಲಿ ಬೇರೆಯೇ ಒಂದು ಪೇಚು ಸುರುವಾಗಿತ್ತು. ಯಾವ ಪ್ರಾಣಿಯನ್ನೂ ಬಿಚ್ಚಲು ಪ್ರಾಪ್ತಿ ಬಿಡುತ್ತಿರಲಿಲ್ಲ. ಪಾಸ್ಕಲ್ ದಿನಾ ಹೊಸ ಟವೆಲ್ಲು ಇಡುತ್ತಿದ್ದ, ಇಟ್ಟದ್ದರಲ್ಲಿ ಹೆಚ್ಚಿನದು ಪ್ರಾಣಿಯಾಗುತ್ತಿತ್ತು, ಉಳಿದ ಒಂದೆರಡನ್ನು ಅವಳು ಆನೆಗೆ ಹಾಸಿಗೆ ಮಾಡುತ್ತಿದ್ದಳು. ಈಜುಕೊಳದಿಂದ ಒದ್ದೆಯಾಗಿ ಬಂದ ಗಣರಾಜ ಸ್ನಾನ ಮಾಡಿ ನೋಡುತ್ತಾನೆ, ಮೈ ಒರೆಸಲು ಏನೂ ಇಲ್ಲ.

"ಹಂಸವನ್ನು ಬಿಚ್ಚಲಾ?" ಎಂದು ಒಳಗಿನಿಂದಲೇ ಕೇಳಿದ.

"ಬೇಡ ಪಪ್ಪಾ! ಅದಕ್ಕೆ ನೋವಾಗ್ತದೆ!"

"ಪಾಸ್ಕಲನತ್ರ ಇನ್ನೊಂದು ಕೇಳಿ ಮಾರಾಯ್ರೆ" ಎಂದಳು ವಿನುತಾ.

"ಬೆಳಿಗ್ಗೆ ಕೇಳಿ ಆಗಿದೆ. ಪುನಃ ಪುನಃ ಕೇಳಿದ್ರೆ ಅವ ಎಂತ ಎಣಿಸುದಿಲ್ಲ? ಇವ್ರು ಟವೆಲ್ ಕದಿಯುವ ಜನ ಅಂತ!"

ನಮ್ಮೂರಿನವರ ಸಂಕೋಚ! ಆ ಸಂಕೋಚದಲ್ಲೇ ಗಣರಾಜ ಕೈ ಚಾಚಿ, ಬಾಗಿಲ ಹತ್ತಿರ ಬಿದ್ದಿದ್ದ ನನ್ನನ್ನು ಎಳೆದುಕೊಂಡ. ಮಗಳು ಮಂಗನಿಗೆ ಚಡ್ಡಿ ತೊಡಿಸುವುದರಲ್ಲಿ ಮುಳುಗಿದ್ದಳು, ನೋಡಲಿಲ್ಲ. ಮೈ ಒರೆಸಿ, ತಲೆ ಒರೆಸಿ, ಮನೆಯಲ್ಲಿ ಬಚ್ಚಲಿನ ಬಾಗಿಲಲ್ಲಿ ಕಾಲೊರೆಸುವ ಬಟ್ಟೆ ಹಾಕುವಂತೆಯೇ ನನ್ನನ್ನು ನೆಲಕ್ಕೆ ಹಾಕಿ ಕಾಲೊರೆಸಿಕೊಂಡು ಹೊರಟುಹೋದ. ಆ ಹಡಗಿನಲ್ಲಿ ನೆಲದ ಮೇಲಿದ್ದ ಬಟ್ಟೆ ಎಂದರೆ ಒಗೆಯಲು ಕೊಟ್ಟದ್ದು ಎಂದು ಅರ್ಥ. ಹಾಗೆಂದು ಬರೆದು ಗೋಡೆಯ ಮೇಲೆ ಅಂಟಿಸಿದ್ದರು, ಓದುವವರು ಯಾರು?

ಅವರು ಹೊರಗೆ ಹೋದಾಗ ಪಾಸ್ಕಲನ ಜೊತೆಯವನು ಬಂದು ಬಾಚಿಕೊಂಡು ಹೋದ. ಹಡಗಿನ ಹೊಟ್ಟೆಯೊಳಗೆ, ಕಿಟಕಿಯಿಲ್ಲದ ಕಡೆ, ಸಾವಿರಾರು ಬಿಳಿ ಟವೆಲ್ಲುಗಳ ನಡುವೆ ನಾನು ಬಿದ್ದೆ. ನಿನ್ನೆ ಯಾರದೋ ಕೋಣೆಯಲ್ಲಿ ಆನೆಯಾಗಿ ಮೆರೆದ ಟವೆಲ್ಲೊಂದು ಇವತ್ತು ಯಾರದೋ ಕಾಲಿನ ಮರಳು ಹೊತ್ತು ನನ್ನ ಪಕ್ಕದಲ್ಲಿ ಮುದುರಿತ್ತು. ಅದಕ್ಕೆ ಹೆಸರೂ ಇರಲಿಲ್ಲ, ಯಾವ ಮಗುವಿನ ನೆನಪೂ ಇರಲಿಲ್ಲ. ಸ್ವಲ್ಪ ಕನಿಕರ ಪಡಬಹುದಿತ್ತು, ನಾನು ಪಡಲಿಲ್ಲ. ಅನುಭವಿಸು ಎಂದುಕೊಂಡೆ. ಅಷ್ಟರಲ್ಲಿ ಕುದಿಯುವ ನೀರು ಮೇಲೆ ಬಿತ್ತು. ಬಿಳಿ ಬಟ್ಟೆಗೆ ಹಾಕುವ ಆ ಕಟು ಔಷಧ ನನ್ನ ಕೆಂಪನ್ನು ಕಿತ್ತು ತಿಂದಿತು. ಯಂತ್ರ ತಿರುಗಿ ತಿರುಗಿ ಕುಚ್ಚುಗಳನ್ನು ಗಂಟುಕಟ್ಟಿತು, ಯಾರೋ ಕತ್ತರಿಯಿಂದ ಅವನ್ನು ನೀಟಾಗಿ ಕತ್ತರಿಸಿದರು. ಹೊರಬಂದಾಗ ನಾನು ಕುಗ್ಗಿ, ಬಿಗಿದು, ತಿಳಿ ಗುಲಾಬಿ ಬಣ್ಣದ ಇಸ್ತ್ರಿ ಬಟ್ಟೆಯಾಗಿದ್ದೆ.

ಅಲ್ಲಿ ಪಾಸ್ಕಲ್ ನನ್ನನ್ನು ಗುರುತಿಸಿದ. "ಅಯ್ಯೋ, ಇದು ಆ ಪಾಪುದು!" ಎಂದು ಎತ್ತಿಕೊಂಡ. ಬೆರಳಿನಲ್ಲಿ ಉಜ್ಜಿ ನೋಡಿ ನಕ್ಕ. "ಈಗ ನಿಲ್ತದೆ."

ಒಳ್ಳೆಯ ಮನಸ್ಸಿನವನು. ಕೋಣೆಗೆ ತಂದು, ಒಂದು ಬಿಳಿ ಟವೆಲ್ಲಿನಿಂದ ಕಾಲು ಮಾಡಿ, ಅದರ ಮೇಲೆ ನನ್ನನ್ನು ತಲೆ, ಕಿವಿ, ಸೊಂಡಿಲು ಮಾಡಿ ಕೂರಿಸಿದ. ಸೊಂಡಿಲು ಬೀಳಲಿಲ್ಲ! ಕಾಲು ಅದರದ್ದು, ತಲೆ ನನ್ನದು. ಇಷ್ಟು ದಿನ ನನ್ನನ್ನು ಉರಿಸಿದ ಟವೆಲ್ಲಿನ ಹೆಗಲೇರಿ ಕೂತು, ಸೊಂಡಿಲೆತ್ತಿ, ಬಾಗಿಲನ್ನೇ ನೋಡುತ್ತ ಕಾದೆ. ಜನ್ಮದಲ್ಲಿ ಅಷ್ಟು ಸಂತೋಷ ನಾನು ಕಂಡಿರಲಿಲ್ಲ.

ಬಾಗಿಲು ತೆರೆಯಿತು. ಪ್ರಾಪ್ತಿ ಕಣ್ಣುಜ್ಜಿಕೊಳ್ಳುತ್ತ ಬಂದಳು. ಆಡಿ ಆಡಿ ನಿದ್ದೆ ಬಂದಿತ್ತು. ನನ್ನನ್ನು ನೋಡಿ "ಗುಲಾಬಿ ಆನೆ" ಎಂದಳು. ಅಷ್ಟೇ. ಮಂಚ ಹತ್ತಿ ದಿಂಬಿನ ಕೆಳಗೆ ಹುಡುಕಿದಳು, ಚಾದರ ಎತ್ತಿದಳು, ಮಂಚದ ಕೆಳಗೆ ಬಗ್ಗಿದಳು. "ಅಮ್ಮಾ, ನನ್ನ ಬೈರಾಸು ಎಲ್ಲಿ?"

ಇಲ್ಲಿದ್ದೇನೆ, ಎಂದೆ ನಾನು. ಬಟ್ಟೆಯ ಮಾತು ಯಾರಿಗೆ ಕೇಳುತ್ತದೆ?

ಅಳು ಸುರುವಾಯಿತು. ಗಣರಾಜ ಬಚ್ಚಲಿಗೆ ಓಡಿದ, ಬಣ್ಣಗೆಟ್ಟ ಮುಖ ಹೊತ್ತು ವಾಪಸು ಬಂದ. ವಿನುತಾಳ ಕಣ್ಣು ನನ್ನ ಮೇಲೆ ಬಿತ್ತು. ಹತ್ತಿರ ಬಂದು ಚೌಕುಳಿಯ ಗುರುತನ್ನು ನೋಡಿ ಗಬಕ್ಕನೆ ನನ್ನನ್ನು ಬಿಚ್ಚಿದಳು. "ಇದೇ ಅಲ್ವಾ ಮಗಾ! ನೋಡು, ಒಗೆದು ಕೊಟ್ಟಿದ್ದಾರೆ. ಇದೇ ನಿನ್ನ ಬೈರಾಸು."

ಪ್ರಾಪ್ತಿ ನನ್ನನ್ನು ಮೂಗಿಗೆ ಒತ್ತಿಕೊಂಡಳು. ಒಂದು ಉಸಿರು ಎಳೆದಳು. ಬೆರಳು ಕುಚ್ಚಿಗಾಗಿ ತಡಕಾಡಿ ಬರೀ ಅಂಚನ್ನು ಮುಟ್ಟಿತು. ಆಮೇಲೆ ನನ್ನನ್ನು ತಳ್ಳಿದಳು, ಅಂದು ಕರಡಿಯನ್ನು ತಳ್ಳಿದ ಹಾಗೆ.

"ಅಲ್ಲ. ಇದು ಹಡಗಿನದ್ದು. ನಂಗೆ ನಂದು ಬೇಕು!"

ಅವಳು ಅತ್ತಳು. ಹಂಸವನ್ನು ಒದ್ದಳು, ಆನೆ ಬೇಡ, ಮಂಗ ಬೇಡ, ಬೈರಾಸು ಬೇಕು ಎಂದು ಉಸಿರುಗಟ್ಟಿ ಅತ್ತಳು. ಯಾರಿಗಾಗಿಯೂ ಯಾರೂ ಹಾಗೆ ಅತ್ತದ್ದನ್ನು ನಾನು ಕೇಳಿಲ್ಲ. ಮಂಚದ ತುದಿಯಲ್ಲಿ ಬಿದ್ದುಕೊಂಡು ಕೇಳುತ್ತಿದ್ದ ನನಗೆ, ಅವಳು ಯಾರಿಗಾಗಿ ಅಳುತ್ತಿದ್ದಳೋ ಆ ಬೈರಾಸಿನ ಮೇಲೆ ಹೊಟ್ಟೆ ಧಗಧಗ ಉರಿಯಿತು. ಅದು ನಾನೇ ಎಂದು ಗೊತ್ತಿತ್ತು. ಗೊತ್ತಿದ್ದರೂ ಉರಿಯಿತು.

ವಿನುತಾ ನನಗೆ ತೆಂಗಿನೆಣ್ಣೆ ಸವರಿದಳು, ಮಗಳ ಕುತ್ತಿಗೆಯ ಬೆವರನ್ನು ನನ್ನಿಂದಲೇ ಒರೆಸಿದಳು. ಯಾವುದೂ ನಡೆಯಲಿಲ್ಲ. ಮಗು ಅಪ್ಪನ ಅಂಗಿಯ ಕಾಲರು ಹಿಡಿದುಕೊಂಡು ಬಿಕ್ಕುತ್ತ ಮಲಗಿದ ಮೇಲೆ ಅವಳು ನನ್ನನ್ನು ಮಡಿಲಲ್ಲಿಟ್ಟುಕೊಂಡು ಹೇಳಿದಳು, "ಇದರ ಅಭ್ಯಾಸ ಬಿಡಿಸ್ಬೇಕು ಅಂತ ನಾನೇ ಹೇಳಿದ್ದು. ಹೀಗೆ ಅಲ್ಲ."

ಮಾರನೆಯ ದಿನ ಬಾಗಿಲಲ್ಲಿ ಪಾಸ್ಕಲ್ ನಿಂತಿದ್ದ. "ಪಾಪುಗೆ ಆನೆ ಖುಷಿ ಆಯ್ತಾ ಮೇಡಂ?"

"ಭಾರೀ ಖುಷಿಯಾಯ್ತು. ನಿಮ್ಗೆ ಥ್ಯಾಂಕ್ಸ್ ಹೇಳ್ಬೇಕು" ಎಂದಳು ವಿನುತಾ. ಅವನ ಮುಖ ನೋಡಿ ಬೇರೆ ಏನೂ ಹೇಳಲು ಅವಳಿಗೆ ಮನಸ್ಸು ಬರಲಿಲ್ಲ.

ಜೂನಿನಲ್ಲಿ ಪ್ರಾಪ್ತಿ ಶಾಲೆಗೆ ಹೋದಳು, ಬರಿಗೈಯಲ್ಲಿ. ನನ್ನನ್ನು ಅಡಿಗೆಮನೆಯ ಸಿಂಕಿನ ಪಕ್ಕ ಮೊಳೆಗೆ ಸಿಕ್ಕಿಸಿದರು. ವರ್ಷಗಳು ಹೋದವು. ಅರಸಿನ, ಮೀನು, ಬೆಳ್ಳುಳ್ಳಿ, ಎಲ್ಲದರ ವಾಸನೆಯೂ ಈಗ ನನ್ನಲ್ಲಿ ಉಂಟು, ಅವಳದೊಂದು ಬಿಟ್ಟು. ನಡುವೆ ಎರಡು ಕಡೆ ಹರಿದಿದ್ದೇನೆ. ಇನ್ನು ಸ್ವಲ್ಪ ದಿನಕ್ಕೆ ನೆಲ ಒರೆಸುವ ಕೋಲಿಗೆ ಹೋಗುತ್ತೇನೆ, ಅದರ ಬಗ್ಗೆ ನನಗೆ ದೂರಿಲ್ಲ.

ಮೊನ್ನೆ ಪ್ರಾಪ್ತಿಯ ಶಾಲೆಯ ಗೆಳತಿ ಮನೆಗೆ ಬಂದಿದ್ದಳು. ಇಬ್ಬರೂ ಸಿಂಕಿನ ಹತ್ತಿರ ನಿಂತು ಮಾವಿನಹಣ್ಣು ತಿಂದರು. ಪ್ರಾಪ್ತಿ ಹಡಗಿನ ಕತೆ ಹೇಳುತ್ತಿದ್ದಳು. ಆನೆ, ಮಂಗ ಯಾವುದೂ ಅವಳಿಗೆ ನೆನಪಿಲ್ಲ. ಕೊಳದ ನೆನಪಿಲ್ಲ, ಪಾಸ್ಕಲನ ಹೆಸರೂ ನೆನಪಿಲ್ಲ.

"ನಂಗೊಂದು ಬೈರಾಸು ಇತ್ತು. ಕೆಂಪು. ಅದು ಅಲ್ಲೇ ಉಳಿದೋಯ್ತು" ಎಂದಳು. "ಅಷ್ಟು ಚಂದದ್ದು ಮತ್ತೆ ಸಿಗ್ಲೇ ಇಲ್ಲ ಮಾರಾಯ್ತಿ. ಈಗ್ಲೂ ಒಂದೊಂದ್ಸಲ ಬೇಜಾರಾಗ್ತದೆ."

ಹಾಗೆ ಹೇಳುತ್ತ ಕೈ ತೊಳೆದು, ನನ್ನ ಕಡೆ ನೋಡದೆಯೇ ಕೈ ಚಾಚಿ, ಒಂದೊಂದೇ ಬೆರಳನ್ನು ನನ್ನಿಂದ ಒರೆಸಿಕೊಂಡಳು.