ಎರಡು ಮುದ್ರೆಯ ಮತ

ಟರ್ಕಿಯ ನಮ್ಮ ಅದಾನಾ ಊರಿನಲ್ಲಿ ಯಾರನ್ನು ಬೇಕಾದರೂ ಬೈಯಬಹುದು, ಬೆಳಗಿನ ತಿಂಡಿಗೆ ಕುರಿಯ ಲಿವರ್ ಸುಡುವವರ ತಂಟೆಗೆ ಮಾತ್ರ ಹೋಗಬಾರದು. ಪೆರಿಹಾನ್ ತೋಪ್ರಕ್ ಹೋದಳು, ಅದೂ ಮೈಕು ಹಿಡಿದು. ಮಕ್ಕಳು ಹೊಗೆ ಕುಡಿದು ಕೆಮ್ಮುತ್ತಿವೆ, ಮೇಯರ್ ಆದರೆ ಬಜಾರಿನ ಒಲೆಗಳಿಗೆಲ್ಲ ಹೊಗೆಕೊಳವೆ ಹಾಕಿಸುತ್ತೇನೆ ಎಂದುಬಿಟ್ಟಳು. ಅವಳು ಚುನಾವಣೆಗೆ ನಿಂತದ್ದು ಅದೇ ಮೊದಲು. ನಮ್ಮೂರಿನವಳಲ್ಲ, ಮಾರ್ದಿನ್ ಕಡೆಯವಳು, ಗಂಡನನ್ನು ಬಿಟ್ಟವಳು, ಮೋಟಾರ್‌ಬೈಕಿನಲ್ಲಿ ಪ್ರಚಾರಕ್ಕೆ ಬರುವವಳು. ಊರು ಎರಡು ಹೋಳಾಗಲು ಇನ್ನೇನು ಬೇಕು? ನಮ್ಮ ಬೀದಿಯ ಕ್ಷೌರಿಕ ಅವಳ ಕಡೆಯವನೊಬ್ಬನನ್ನು ಅರ್ಧ ಗಡ್ಡದಲ್ಲೇ ಎಬ್ಬಿಸಿ ಕಳಿಸಿದ. ಮೂಲೆಮನೆಯವರು ಆಗತಾನೇ ಹುಟ್ಟಿದ ಕೂಸಿಗೆ ಅವಳ ಹೆಸರಿಟ್ಟರು. ಆ ಮನೆಯ ಅಜ್ಜ ಮಾತ್ರ ಕೂಸನ್ನು ಎತ್ತಿಕೊಳ್ಳಲೇ ಇಲ್ಲ.

ನನ್ನ ಗಂಡನ ಅಣ್ಣ, ಹಶ್ಮೆತ್ ಭಾವ, ಲಿವರ್ ಸುಡುವ ಕಸುಬಿನವರು. ಗಂಡ ತೀರಿಕೊಂಡ ಮೇಲೂ ನಾನು ಇರುವುದು ಅವರ ಮನೆಯಲ್ಲೇ. ಮತದಾನದ ಹಿಂದಿನ ಸಂಜೆ ಎಲ್ಲರನ್ನೂ ಚಹಾಕ್ಕೆ ಕೂರಿಸಿ, ಯಾರಿಗೆ ಹಾಕಬೇಕೆಂದು ಹೇಳುವುದು ನಮ್ಮಲ್ಲಿ ಮನೆಯ ಹಿರಿಯನ ಹಕ್ಕು.

"ನುಸ್ರೆತ್ ಬೇ ಈಗ್ಲೂ ಮೇಯರ್ರು, ಮುಂದೂ ಅವರೇ. ಎಲ್ರೂ ಅವರಿಗೇ ಮುದ್ರೆ ಒತ್ತಬೇಕು," ಎಂದರು ಭಾವ. "ಆ ಬೈಕ್ ಹುಡುಗಿಗೆ ನಮ್ಮ ಮನೆಯಿಂದ ಒಂದೇ ಒಂದು ವೋಟು ಹೋದ್ರೂ ಬಜಾರಲ್ಲಿ ನಾನು ತಲೆ ಎತ್ತೋ ಹಾಗಿಲ್ಲ."

"ಸಕ್ಕರೆ ಒಂದು ಹಾಕ್ಲಾ, ಎರಡಾ?" ಎಂದಳು ಅವರ ಹೆಂಡತಿ ಸೆನಿಹಾ ಅಕ್ಕ.

ಭಾವನ ಮಾತಿಗೆ ನಾನು ಹೂಂ ಎಂದು ತಲೆ ಆಡಿಸಿದೆ. ಮನಸ್ಸಿನಲ್ಲಿದ್ದದ್ದೇ ಬೇರೆ. ಕಿತ್ತಳೆ ಹಣ್ಣಿನ ಪ್ಯಾಕಿಂಗ್ ಶೆಡ್ಡಿನಲ್ಲಿ ನನ್ನ ಕೆಲಸ. ಬಸ್ಸು ಸೇತುವೆಯ ಹತ್ತಿರವೇ ತಿರುಗಿ ಹೋಗುತ್ತದೆ. ಅಲ್ಲಿಂದ ದಿಬ್ಬ ಹತ್ತಿ ಕತ್ತಲಲ್ಲಿ ಮನೆ ಸೇರುವ ಹೆಂಗಸರೆಲ್ಲ ಕೈಯಲ್ಲಿ ಕಲ್ಲು ಹಿಡಿದುಕೊಂಡೇ ನಡೆಯುತ್ತೇವೆ, ನಾಯಿಗೂ ಆಯಿತು, ಕುಡುಕರಿಗೂ ಆಯಿತು. ಬಸ್ಸನ್ನು ದಿಬ್ಬದ ಮೇಲಕ್ಕೆ ತರುತ್ತೇನೆ ಎಂದು ಪೆರಿಹಾನ್ ನಮ್ಮ ಶೆಡ್ಡಿಗೇ ಬಂದು ಹೇಳಿದ್ದಳು. ಅವಳು ಸುಳ್ಳಿಯೇ ಇರಲಿ, ಒಂದು ಸಲವಾದರೂ ನನ್ನ ಮುದ್ರೆ ನನ್ನದಾಗಿರಬೇಕು ಎಂಬ ಹಟ ಹಿಡಿದಿತ್ತು ನನಗೆ.

ಮರುದಿನ ಶಾಲೆಯ ಕೋಣೆಯಲ್ಲಿ, ಪರದೆಯ ಹಿಂದೆ, ಅವಳ ಹೆಸರಿನ ಕೆಳಗಿನ ವೃತ್ತದಲ್ಲಿ ಮುದ್ರೆ ಒತ್ತಿದೆ. ಹೊರಗೆ ಭಾವ ಕೆಮ್ಮಿದ್ದು ಕೇಳಿಸಿತು. ಗಾಬರಿಯಲ್ಲಿ ಕಾಗದವನ್ನು ಮಡಚಿ ಲಕೋಟೆಗೆ ತುರುಕಿದೆ.

ಸಂಜೆ ಎಣಿಕೆ ಅದೇ ಶಾಲೆಯ ಅದೇ ಕೋಣೆಯಲ್ಲಿ. ಯಾರು ಬೇಕಾದರೂ ಕೂತು ನೋಡಬಹುದು. ಪೆಟ್ಟಿಗೆಯ ಉಸ್ತುವಾರಿಯ ಮೇಷ್ಟ್ರು ಒಂದೊಂದೇ ಕಾಗದ ಎತ್ತಿ ತೋರಿಸಿ ಹೆಸರು ಕೂಗುತ್ತಾರೆ. ಭಾವ ಒಂದನೇ ಕ್ಲಾಸಿನ ಬೆಂಚಿನಲ್ಲಿ ಹೊಟ್ಟೆ ತುರುಕಿಕೊಂಡು ಕೂತರು, ನಾವು ಹೆಂಗಸರು ಅವರ ಹಿಂದೆ: ಅಕ್ಕ, ಅವಳ ಮಗಳು, ಸೊಸೆ, ನಾನು.

"ನುಸ್ರೆತ್! ನುಸ್ರೆತ್! ನುಸ್ರೆತ್!"

ಭಾವ ಪ್ರತಿ ಹೆಸರಿಗೂ ಮೀಸೆ ತಿರುವಿದರು. ಆಮೇಲೆ ಮೇಷ್ಟ್ರು ಒಂದು ಕಾಗದ ಎತ್ತಿ, ಹೆಸರು ಕೂಗದೆ ಎಲ್ಲರಿಗೂ ತೋರಿಸಿದರು. ಪೆರಿಹಾನಳ ವೃತ್ತದಲ್ಲಿ ಕಪ್ಪಗೆ ಒಂದು ಮುದ್ರೆ, ನುಸ್ರೆತ್ ಬೇಯ ವೃತ್ತದಲ್ಲಿ ಮಸುಕಾಗಿ ಇನ್ನೊಂದು.

"ಎರಡು ಮುದ್ರೆ! ರದ್ದು!" ಎಂದ ನುಸ್ರೆತ್ ಬೇ ಕಡೆಯ ಏಜೆಂಟ್.

"ಹರಿದು ಬಿಸಾಕ್ರಿ ಅತ್ಲಾಗೆ," ಎಂದರು ಭಾವ.

ಆ ಕಾಗದ ಯಾರದೆಂದು ನನಗೆ ತಕ್ಷಣ ಗೊತ್ತಾಯಿತು. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ನನ್ನ ಜೀವಮಾನದ ಒಂದೇ ಒಂದು ಸ್ವಂತ ಮಾತು ಕಸದ ಬುಟ್ಟಿಗೆ ಹೋಗುತ್ತಿತ್ತು. ಎದ್ದು ನಿಂತೆ.

"ಅದು ರದ್ದಲ್ಲ, ಮೇಷ್ಟ್ರೆ. ಅದು ನನ್ನದು. ಮಸಿ ಆರೋ ಮುಂಚೇನೇ ಮಡಚಿಬಿಟ್ಟೆ, ಆ ಕಡೆ ಅಂಟ್ಕೊಂಡಿದೆ ಅಷ್ಟೆ."

"ನಿಂದೇ ಅಂತ ಏನಮ್ಮ ಗ್ಯಾರಂಟಿ?" ಎಂದ ಏಜೆಂಟ್.

"ನನ್ನಷ್ಟು ಹೆದರ್ಕೊಂಡು ಒತ್ತಿರೋರು ಈ ದಿಬ್ಬದಲ್ಲಿ ಇನ್ಯಾರಿದ್ದಾರಪ್ಪ?"

ಕೋಣೆಯೆಲ್ಲ ನಕ್ಕಿತು. ಭಾವನ ಮುಖ ಕೆಂಡವಾಯಿತು. "ಗುಲ್ಸೆರೆನ್! ಇಷ್ಟು ವರ್ಷ ನನ್ನ ರೊಟ್ಟಿ ತಿಂದು..."

"ಆ ರೊಟ್ಟಿ ಸುಟ್ಟೋಳು ನಾನು, ಭಾವ. ಹಿಟ್ಟು ಬಂದಿದ್ದೂ ನನ್ನ ಸಂಬಳದಲ್ಲೇ."

ಮೇಷ್ಟ್ರು ಕಾಗದವನ್ನು ಮಡಿಕೆಯ ಗುರುತಿನಲ್ಲೇ ಮತ್ತೆ ಮಡಚಿ ಟ್ಯೂಬ್‌ಲೈಟಿಗೆ ಹಿಡಿದರು. ಮಸುಕು ಮುದ್ರೆ ಕಪ್ಪು ಮುದ್ರೆಯ ಮೇಲೆ ಸರಿಯಾಗಿ ಕೂತಿತು.

"ಮಾನ್ಯ!" ಎಂದು ಕೂಗಿದರು. "ಪೆರಿಹಾನ್ ತೋಪ್ರಕ್!"

ನಾನು ಕೂರಲಿಲ್ಲ. ಮೇಷ್ಟ್ರು ಮುಂದಿನ ಕಾಗದ ಎತ್ತಿದರು. ಪೆರಿಹಾನ್. ಅದರ ಮುಂದಿನದೂ ಪೆರಿಹಾನ್. ಮತ್ತೆರಡು ನುಸ್ರೆತ್, ಆಮೇಲೆ ಸಾಲಾಗಿ ಪೆರಿಹಾನ್, ಪೆರಿಹಾನ್. ಕಿಟಕಿಯಾಚೆ ನಿಂತಿದ್ದ ಶೆಡ್ಡಿನ ಹೆಂಗಸರು ಪ್ರತಿ ಹೆಸರಿಗೂ ನಾಲಿಗೆ ಹೊರಳಿಸಿ ಕೇಕೆ ಹಾಕತೊಡಗಿದರು. ಭಾವ ಬೆಂಚಿನಲ್ಲಿ ಸಿಕ್ಕಿಕೊಂಡೇ ಹಿಂದೆ ತಿರುಗಿ ಸೊಸೆಯನ್ನು ನೋಡಿದರು, ಮಗಳನ್ನು ನೋಡಿದರು, ಕಡೆಗೆ ಹೆಂಡತಿಯನ್ನು.

"ನೀನೂನಾ?"

"ಮತ ಗುಪ್ತ ಕಣ್ರೀ," ಎಂದಳು ಸೆನಿಹಾ ಅಕ್ಕ. "ಕಾನೂನು."

ನಮ್ಮ ಪೆಟ್ಟಿಗೆಯಲ್ಲಿ ಪೆರಿಹಾನಳೇ ಗೆದ್ದಳು. ನಾವು ದಿಬ್ಬ ಹತ್ತಿ ಮನೆ ಸೇರುವಷ್ಟರಲ್ಲಿ ಊರೂ ಅವಳದಾಗಿತ್ತು. ಕೆಳಗೆ ಕಾರುಗಳು ಹಾರ್ನ್ ಹೊಡೆಯುತ್ತಿದ್ದವು, ಯಾರೋ ಡೋಲು ತಂದಿದ್ದರು. ಭಾವ ಜಗಲಿಯಲ್ಲಿ ಒಬ್ಬರೇ ಕೂತರು. ಮನೆ ಬಿಟ್ಟು ಹೋಗು ಎನ್ನುತ್ತಾರೆಂದು ನಾನು ಕಾಯುತ್ತಿದ್ದೆ. ಚಹಾ ಇಟ್ಟು ಹೊರಟವಳನ್ನು ಕರೆದರು.

"ಅಲ್ಲಮ್ಮ, ಆ ಹುಡುಗೀಲಿ ಅಂಥಾದ್ದು ಏನು ಕಂಡೆ ನೀನು?"

ಆ ಮನೆಗೆ ಸೊಸೆಯಾಗಿ ಬಂದ ದಿನದಿಂದ ಅವರು ನನ್ನ ಅಭಿಪ್ರಾಯ ಕೇಳಿದ್ದು ಅದೇ ಮೊದಲು. ನಾನು ಅವರ ಎದುರಿಗೇ ಕುರ್ಚಿ ಎಳೆದುಕೊಂಡು ಕೂತೆ.

"ಹೇಳ್ತೀನಿ ಭಾವ. ಆದ್ರೆ ಮಧ್ಯ ಬಾಯಿ ಹಾಕ್ಬಾರ್ದು."

ಅವರು ಹಾಕಲಿಲ್ಲ.