ಬೆಣ್ಣೆಯನ್ನೂ ತೋರಿಸಿಕೊಟ್ಟ ಸಂತ

ಕಳೆದುಹೋದದ್ದನ್ನು ತೋರಿಸಿಕೊಡುವವನು ಸಂತ ಫನೂರಿಯೋಸ್. ಅವನ ಹಬ್ಬದ ದಿನ ಕೇಕು ಮಾಡಿ ಚರ್ಚಿನಲ್ಲಿ ಹಂಚಿದರೆ ಸಾಕು, ಒಲಿಯುತ್ತಾನೆ. ಕಟ್ಟಳೆ ಒಂದೇ: ಅದು ಉಪವಾಸದ ಕೇಕು. ಮೊಟ್ಟೆ, ಹಾಲು, ಬೆಣ್ಣೆ ಸೋಕಕೂಡದು, ಆಲಿವ್ ಎಣ್ಣೆಯಲ್ಲೇ ಆಗಬೇಕು. ಕಾಲಿಮ್ನೋಸ್ ದ್ವೀಪದಲ್ಲಿ ಈ ಕೇಕಿಗೆ ಪೊಲಿಕ್ಸೇನಿಯದೇ ಎತ್ತಿದ ಕೈ. ಇಡೀ ಬೀದಿ ಅವಳ ತಟ್ಟೆಗೇ ಮುಗಿಬೀಳುತ್ತಿತ್ತು.

ಈ ಸಲ ಆ ಕೈಯೇ ಮುರಿದು ಪ್ಲಾಸ್ಟರಿನೊಳಗಿತ್ತು. ಕೇಕು ಸೊಸೆ ಎವಾಂಥಿಯಾಳ ಪಾಲಿಗೆ ಬಂತು. ಅವಳಿಗೂ ಅದೇ ಬೇಕಿತ್ತು. ಮದುವೆಯ ಉಂಗುರ ಕಳೆದು ತಿಂಗಳಾಗಿತ್ತು. ಸೋಪಿಗೆ ಬೆರಳು ಊದಿದೆ, ತೆಗೆದಿಟ್ಟಿದ್ದೇನೆ ಎಂದು ಅತ್ತೆಯ ಮುಂದೆ ಸುಳ್ಳು ಪೋಣಿಸುತ್ತ ಬಂದಿದ್ದಳು. ಭಾನುವಾರ ಗಂಡ ಸ್ಟ್ರಾಟಿಸ್ ಹಡಗಿನಿಂದ ಇಳಿಯುತ್ತಾನೆ. ಅಷ್ಟರೊಳಗೆ ಸಂತನೇ ಕಣ್ಣು ಬಿಡಬೇಕು.

ಅತ್ತೆ ಕುರ್ಚಿಯಲ್ಲಿ ಕೂತು ಅಳತೆ ಹೇಳಿದಳು, ಸೊಸೆ ಹೇಳಿದಷ್ಟೇ ಸುರಿದಳು. ಎಣ್ಣೆಯ ಸರದಿ ಬಂದಾಗ ಮಾತ್ರ ಅತ್ತೆ ಕೊಂಚ ತಡವರಿಸಿ, ಆ ದೊಡ್ಡ ಲೋಟದ ತುಂಬ ಎಂದಳು. ಚರ್ಚಿನಲ್ಲಿ ಪಾದ್ರಿ ಹರಸಿ ಕತ್ತರಿಸಿದಾಗ ಅಡಿಯ ಕಾಗದ ಎಣ್ಣೆಯಲ್ಲಿ ತೊಯ್ದಿತ್ತು. ಹೆಂಗಸರು ಒಂದೊಂದು ತುಂಡು ನುಂಗಿ ಬೆರಳು ಒರೆಸಿಕೊಂಡರು. ಎರಡನೆಯದಕ್ಕೆ ಯಾರೂ ಕೈಚಾಚಲಿಲ್ಲ.

"ನಾನೇನೋ ಸರಿಯಾಗೇ ಹೇಳ್ದೆ ಕಣ್ರೇ," ಎಂದಳು ಪೊಲಿಕ್ಸೇನಿ, ಎಲ್ಲರಿಗೂ ಕೇಳುವಂತೆ. "ಇವಳ ಕೈ ದೊಡ್ಡದು. ದೋಣಿ ತೇಲಿಸೋವಷ್ಟು ಸುರಿದಿದಾಳೆ."

ಎವಾಂಥಿಯಾಗೆ ಕೆನ್ನೆಗೆ ಹೊಡೆದಂತಾಯಿತು. ಹಸಿ ಸುಳ್ಳು, ಅದೂ ಸಂತನ ಪಟದ ಮುಂದೆ!

ಅಂದು ಶುಕ್ರವಾರ, ಉಪವಾಸದ ದಿನ; ಮನೆಯಲ್ಲಿ ರೊಟ್ಟಿ ಮತ್ತು ಆಲಿವ್ ಕಾಯಿಯ ಊಟ. ಎದುರಿಗಿದ್ದ ಆಲಿವ್ ಡಬ್ಬಿ ಖಾಲಿಯಾಗಿತ್ತೆಂದು ಅವಳು ಫ್ರಿಜ್ಜಿನ ಹಿಂದಿನ ಮೂಲೆಯ ಡಬ್ಬಿ ಎಳೆದು ಮುಚ್ಚಳ ತೆಗೆದಳು. ಒಳಗೆ ಒಂದು ಆಲಿವ್ ಕಾಯಿಯೂ ಇಲ್ಲ. ಹೊಸ ಬೆಣ್ಣೆಯ ಗಟ್ಟಿ!

ಆ ದೊಡ್ಡ ಲೋಟ ಬೆಣ್ಣೆಯ ಅಳತೆ! ಬೆಣ್ಣೆಯಲ್ಲಿ ನೀರಿನಂಶ ಇರುತ್ತದೆ, ಎಣ್ಣೆಯೆಂದರೆ ಪೂರಾ ಜಿಡ್ಡು. ಅದೇ ಅಳತೆಗೆ ಎಣ್ಣೆ ಸುರಿದರೆ ಕೇಕು ಎಣ್ಣೆ ಕಾರದೆ ಇನ್ನೇನು ಮಾಡೀತು? ಹಾಗಾದರೆ ಇಷ್ಟು ವರ್ಷ ಉಪವಾಸದ ಹೆಸರಲ್ಲಿ ಊರಿಗೆ ಊರೇ ಬೆಣ್ಣೆ ಮೆದ್ದಿದೆ. ದೇವರೇ, ಪ್ರತಿ ವರ್ಷ ಮೂರನೇ ತುಂಡು ಕೇಳಿ ತಿನ್ನುತ್ತಿದ್ದವರು ಪಾದ್ರಿಯೇ!

ಬೆಣ್ಣೆಯ ಪಕ್ಕದಲ್ಲಿ ಕರವಸ್ತ್ರದ ಒಂದು ಗಂಟಿತ್ತು. ಬಿಚ್ಚಿದರೆ ಅವಳದೇ ಉಂಗುರ. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಂತಾಗಿತ್ತು ಅವಳ ಪಾಡು. ಉಂಗುರ ಹಿಡಿದೇ ತಿರುಗಿದಳು.

ಬಾಗಿಲಲ್ಲಿ ಅತ್ತೆ ನಿಂತಿದ್ದಳು.

"ಉಂಗುರ ಸಿಂಕಿನ ಹತ್ರ ಬಿದ್ದಿತ್ತು. ನೀನಾಗೇ ಬಾಯಿ ಬಿಡ್ತೀಯೇನೋ ಅಂತ ಕಾದೆ. ನೀನು ಬಿಡ್ಲಿಲ್ಲ."

"ಬೆಣ್ಣೆ, ಅತ್ತೆ?"

"ಎಣ್ಣೇದು ಮಾಡ್ತಿದ್ದಾಗ ನನ್ನ ತಟ್ಟೆ ಹತ್ರ ಯಾರೂ ಎರಡನೇ ಸಲ ಬರ್ತಿರ್ಲಿಲ್ಲ ಕಣೇ," ಎಂದಳು ಮುದುಕಿ. ಆಮೇಲೆ ದನಿ ಇಳಿಸಿ, "ಪಾದ್ರಿಗೆ ಹೇಳ್ತೀಯಾ?"

ಎವಾಂಥಿಯಾ ಉಂಗುರವನ್ನು ಬೆರಳಿಗೆ ತೂರಿಸಿಕೊಂಡಳು.

"ಹೇಳಲ್ಲ. ಆದ್ರೆ ನಾಳೆ ಬೀದಿಗೆಲ್ಲ ನೀವೇ ಹೇಳ್ಬೇಕು, ಅಳತೆ ತಪ್ಪಿದ್ದು ನಿಮ್ದು ಅಂತ."

ಪೊಲಿಕ್ಸೇನಿ ಹೂಂ ಎಂದಳು. ತಲೆ ಮಾತ್ರ ಎತ್ತಲಿಲ್ಲ.